ಆರನೇ ಅಧ್ಯಾಯದ ನೀರು

ಬಿಜೈ, ಮಂಗಳೂರು
23 ಏಪ್ರಿಲ್ 2024

ನನ್ನ ಪ್ರೀತಿಯ ಝಹ್ರಾ,

ನಿನ್ನ ಮೊಣಕಾಲು ಹೇಗಿದೆ? ಗಂಗೊಳ್ಳಿಯಲ್ಲಿ ಸೆಕೆ ನಿಜವಾಗಿಯೂ ಕಡಿಮೆಯೋ, ಇಲ್ಲ ತಂಗಿಯ ಮನೆ ಎಂಬ ದಾಕ್ಷಿಣ್ಯಕ್ಕೆ ಹಾಗೆ ಬರೆಯುತ್ತೀಯೋ? ಈದ್‌ಗೆ ಮುಂಚೆ ಕಾಗದ ಹಾಕುತ್ತೇನೆ ಎಂದು ಮಾತು ಕೊಟ್ಟವಳು ಹಬ್ಬ ಕಳೆದು ಎರಡು ವಾರದ ಮೇಲೆ ಪೆನ್ನು ಹಿಡಿದಿದ್ದೇನೆ. ಬೈಯುವುದಿದ್ದರೆ ಬೈ, ಆದರೆ ಕಾಗದದಲ್ಲೇ ಬೈ. ಫೋನಿನಲ್ಲಿ ನಿನ್ನ ಕಿವಿಗೆ ಕೇಳುವಷ್ಟು ಜೋರಾಗಿ ಮಾತಾಡಿದರೆ ನಮ್ಮ ಟೆರೇಸಿಗೂ ಕೇಳುತ್ತದೆ. ವಾಟ್ಸಾಪ್ ಮಾಡಿದರೆ ನಿನಗಿಂತ ಮೊದಲು ನಿನ್ನ ತಂಗಿಯ ಸೊಸೆಯಂದಿರು ಓದುತ್ತಾರೆ. ಕಾವೂರಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಮಕ್ಕಳಿಂದ 'ಗೆಳತಿಗೊಂದು ಪತ್ರ' ಬರೆಸಿ ಅಂಕ ಕತ್ತರಿಸಿದವರು ನಾವಿಬ್ಬರು. ಈಗ ಅದೇ ಪಾಠ ನಮ್ಮ ಪಾಲಿಗೆ ಬಂದಿದೆ.

ವಿಷಯ ಇವರ ಪುಸ್ತಕದ್ದು. ಡಿಸೆಂಬರಿನಲ್ಲಿ ನಿನಗೂ ಒಂದು ಪ್ರತಿ ಕಳಿಸಿದ್ದೆನಲ್ಲ, 'ತಟ್ಟೆಯಲ್ಲಿ ಮರ: ಕರಾವಳಿಯವರಿಗೆ ಬೋನ್ಸಾಯ್ ಕೈಪಿಡಿ' ಎಂದು. ನೀನು ಓದಿರಲಿಕ್ಕಿಲ್ಲ, ಓದಿದ್ದೇನೆ ಎಂದು ಸುಳ್ಳು ಹೇಳಬೇಡ. ಅದರ ಆರನೇ ಅಧ್ಯಾಯದ ಹೆಸರು 'ಬಾಯಾರಿಕೆಯ ಪಾಠ'. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಮರಕ್ಕೆ ದಿನಕ್ಕೆ ಒಂದೇ ಸಲ, ಸಂಜೆ ಹೊತ್ತು ಇಳಿದ ಮೇಲೆ, ಒಂದು ಅಳತೆ ಲೋಟ ನೀರು. ಎಲೆ ಬಾಡಿದರೂ ಮರುಗಬಾರದು. ಬಾಯಾರಿದ ಮರ ಎಲೆಯನ್ನು ಸಣ್ಣದು ಮಾಡಿಕೊಳ್ಳುತ್ತದೆ, ಬೇರನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಹೀಗೆ ಹದಿನಾಲ್ಕು ವರ್ಷ ಹದಿನಾಲ್ಕು ಮರಗಳನ್ನು ಬೆಳೆಸಿದ್ದೇನೆ, ಒಂದೂ ಸತ್ತಿಲ್ಲ ಎಂದು ಇವರು ಬರೆದಿದ್ದಾರೆ. ಬಂದರಿನ ವೇಬ್ರಿಡ್ಜಿನಲ್ಲಿ ಮೂವತ್ತಮೂರು ವರ್ಷ ಲಾರಿ ತೂಗಿದ ಮನುಷ್ಯ ನನ್ನ ಈ ರಾಫೆಲ್. ಅಳೆಯದೆ ಒಂದು ಮಾತೂ ಬರೆದಿಲ್ಲ. ಟೆರೇಸಿನ ನೋಟ್‌ಬುಕ್ಕುಗಳೇ ಒಂಬತ್ತಿವೆ.

ನಮ್ಮ ಬೋನ್ಸಾಯ್ ಬಳಗದಲ್ಲಿ ಹನ್ನೊಂದು ಜನ. ಹನ್ನೊಂದು ಜನಕ್ಕೆ ಹನ್ನೆರಡು ಅಭಿಪ್ರಾಯ. ಹಲ್ಲಿನ ಡಾಕ್ಟರ್ ಸೆಡ್ರಿಕ್, ಬಳಗದ ಅಧ್ಯಕ್ಷ, ಪುಸ್ತಕವನ್ನು ಕ್ಲಿನಿಕ್ಕಿನಲ್ಲಿ ಬೈಬಲಿನ ಪಕ್ಕದಲ್ಲಿಟ್ಟಿದ್ದಾನೆ. ಆಗ್ನೆಸಳಿಗೆ ಅಕ್ಷರ ಸಣ್ಣದಾಯಿತಂತೆ, ಮತ್ತೆ ಇರುವೆಯ ಬಗ್ಗೆ ಒಂದು ಸಾಲೂ ಇಲ್ಲವಂತೆ. ಹಾರ್ಡ್‌ವೇರ್ ಅಂಗಡಿಯ ಹಾಶಿಂ ಮಾತ್ರ ಮೊದಲ ದಿನದಿಂದಲೂ ಮುಖಕ್ಕೇ ಹೇಳುತ್ತಿದ್ದಾನೆ: "ಫೋಟೋ ಒಳ್ಳೇದುಂಟು ರಾಫೆಲಣ್ಣ. ಆರನೇ ಅಧ್ಯಾಯ ಮಾತ್ರ ಹರಿದು ಹಾಕಿ. ನಮ್ಮ ಏಪ್ರಿಲ್ ಬಿಸಿಲಿಗೆ ಒಂದು ಲೋಟ ನೀರು ಎಂತಕ್ಕೆ ಸಾಕು ಮಾರಾಯ್ರೆ?" ಅಲ್ಲಿಂದ ಬಳಗ ಎರಡು ಪಾಲಾಯಿತು. ಆರನೇ ಅಧ್ಯಾಯ ಪಾಲಿಸುವವರು ಒಂದು ಕಡೆ ಕುರ್ಚಿ ಹಾಕುತ್ತಾರೆ, ಪಾಲಿಸದವರು ನೀರಿನ ಟ್ಯಾಂಕಿನ ಕಡೆ. ಕಾಫಿ ಕೊಡುವವಳು ನಾನು, ಎರಡೂ ಕಡೆ ನಗಬೇಕು.

ಇಷ್ಟಾದರೆ ನಿನಗೆ ಬರೆಯುತ್ತಿರಲಿಲ್ಲ. ಬೀಫಾತಿಮ್ಮನ ಗೋಳಿ ಮರ ಸತ್ತುಹೋಯಿತು.

ಕಾವೂರು ಕೆರೆಯ ಹತ್ತಿರದ ಬೀಫಾತಿಮ್ಮ ನಿನಗೂ ಗೊತ್ತಲ್ಲ, ಹಾಶಿಂನ ಚಿಕ್ಕಮ್ಮ. ಅವಳ ಗಂಡನ ಹಳೆಯ ಅಂಗಡಿಯನ್ನು ಕೆಡವುವಾಗ ಗೋಡೆಯ ಬಿರುಕಿನಲ್ಲಿ ಆಲದ ಜಾತಿಯ ಬೆರಳುದ್ದದ ಗೋಳಿ ಗಿಡ ಸಿಕ್ಕಿತ್ತು. ಅಂಗಡಿ ಹೋಯಿತು, ಇದಾದರೂ ಇರಲಿ ಎಂದು ಆ ಮನುಷ್ಯ ಅದನ್ನು ಟಿಫಿನ್ ಡಬ್ಬಿಯಲ್ಲಿ ಮನೆಗೆ ತಂದಿದ್ದ. ಇಪ್ಪತ್ತೆರಡು ವರ್ಷವಾಯಿತು. ಅವನು ಹೋಗಿಯೂ ಎಂಟು ವರ್ಷ. ಬೀಫಾತಿಮ್ಮನಿಗೆ ಕನ್ನಡ ಓದಲು ಬರುವುದಿಲ್ಲ. ಮೊಮ್ಮಗಳಿಂದ ಪುಸ್ತಕ ಓದಿಸಿ, ಇವರದೇ ಅಳತೆಯ ಲೋಟವೊಂದನ್ನು ಹುಡುಕಿ, ಮಾರ್ಚ್ ಒಂದರಿಂದ ಒಂದು ದಿನವೂ ತಪ್ಪಿಸದೆ ಪಾಲಿಸಿದ್ದಾಳೆ. ಏಪ್ರಿಲ್ ಮೊದಲ ವಾರದಲ್ಲಿ ಕೊನೆಯ ಎಲೆಯೂ ಉದುರಿತಂತೆ. ಹಬ್ಬದ ದಿನ ಕೊಂಬೆ ಮುರಿದು ನೋಡಿದಳಂತೆ, ಒಳಗೆ ಹಸಿರಿರಲಿಲ್ಲ.

ಇವರು ನಂಬುವುದಿಲ್ಲ. "ಗೋಳಿ ಗೋಡೆಯ ಮೇಲೆ ಬದುಕುವ ಜಾತಿ. ನನ್ನ ರೀತಿಯಲ್ಲಿ ಸಾಯುವುದುಂಟಾ? ಉಪ್ಪು ನೀರು ಹಾಕಿದ್ದಾಳೆ, ಇಲ್ಲ ಮೀನು ತೊಳೆದ ನೀರು. ಈಗ ಪುಸ್ತಕದ ಮೇಲೆ ಹಾಕ್ತಾಳೆ" ಎಂದು ಮನೆಯಲ್ಲಿ ಹೇಳುತ್ತಿದ್ದವರು ಈಗ ಬಳಗದಲ್ಲೂ ಹೇಳುತ್ತಿದ್ದಾರೆ. ಪುಸ್ತಕ ಎರಡನೇ ಸಲ ಅಚ್ಚಾಗಬೇಕು. ಆರನೇ ಅಧ್ಯಾಯ ತೆಗೆಯದಿದ್ದರೆ ಬಳಗದ ಹೆಸರು ಮುಖಪುಟದಿಂದ ತೆಗೆಯಬೇಕೆಂದು ಹಾಶಿಂ ಪಟ್ಟು ಹಿಡಿದಿದ್ದಾನೆ. ಮೇ ಐದರ ಭಾನುವಾರ ನಮ್ಮ ಟೆರೇಸಿನಲ್ಲಿ ಕೈ ಎತ್ತಿಸಿ ತೀರ್ಮಾನ. ಸತ್ತ ಮರವನ್ನು ತಟ್ಟೆ ಸಮೇತ ಬೀಫಾತಿಮ್ಮ ತರಬೇಕು, ಇವರು ಎಲ್ಲರ ಮುಂದೆ ಮಣ್ಣು ಪರೀಕ್ಷೆ ಮಾಡಿ ಅವಳ ಸುಳ್ಳು ತೋರಿಸುತ್ತಾರಂತೆ.

ಝಹ್ರಾ, ಅವಳು ಸುಳ್ಳು ಹೇಳುತ್ತಿಲ್ಲ. ಅದು ನನಗೆ ಗೊತ್ತು. ನನಗೊಬ್ಬಳಿಗೇ ಗೊತ್ತು.

ಹದಿನಾಲ್ಕು ವರ್ಷದ ಹಿಂದೆ, ಮರಗಳ ಮೊದಲ ಮೇ ತಿಂಗಳು, ಒಣಗಿದ ಬಟ್ಟೆ ತರಲು ಮಧ್ಯಾಹ್ನ ಮೇಲೆ ಹೋಗಿದ್ದೆ. ಹುಣಸೆ ಗಿಡ ತಲೆ ಬಾಗಿಸಿಕೊಂಡಿತ್ತು. ನೋಡಲಾಗಲಿಲ್ಲ. ಕೆಳಗೆ ಬಂದು ಕುಚ್ಚಲಕ್ಕಿ ತೊಳೆದ ನೀರಿನ ಪಾತ್ರೆ ಎತ್ತಿಕೊಂಡು ಹೋಗಿ ಅದಕ್ಕೂ ಹಾಕಿದೆ, ಉಳಿದವಕ್ಕೂ ಹಾಕಿದೆ. ಸಂಜೆ ಇವರು ಆಫೀಸಿನಿಂದ ಬಂದು ನೇರ ಮೇಲೆ ಹೋದರು. ಅಲ್ಲಿಂದಲೇ ಕೂಗಿದರು: "ಗ್ಲ್ಯಾಡಿಸ್, ಬಾ ಇಲ್ಲಿ! ಬೆಳಿಗ್ಗೆ ಬಾಡಿದ್ದು ಈಗ ಎದ್ದು ನಿಂತಿದೆ. ನೀರಿಲ್ಲದೆ ಬದುಕಲು ಕಲಿತಿದೆ ನೋಡು!" ಆ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಮಗ ಇರ್ವಿನ್ ಹುಟ್ಟಿದ ದಿನವೂ ಕಂಡಿರಲಿಲ್ಲ. ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಇವರು ನೋಟ್‌ಬುಕ್ಕಿನಲ್ಲಿ ಬರೆದಾಗಿತ್ತು. ಮರುದಿನವೂ ಹಾಕಿದೆ. ಅದರ ಮರುದಿನವೂ. ಇವರು ನಿವೃತ್ತರಾದ ಮೇಲೆ ಅಕ್ಕಿ ತೊಳೆದ ನೀರನ್ನು ಮುಚ್ಚಿಟ್ಟು, ಎರಡು ಗಂಟೆಯ ನಿದ್ದೆಗೆ ಇವರು ಗೊರಕೆ ಹೊಡೆಯುವುದನ್ನು ಕಾದು, ಬಟ್ಟೆ ತರುವ ನೆಪದಲ್ಲಿ ಮೆಟ್ಟಿಲು ಹತ್ತಿದೆ. ಇವತ್ತೂ ಹತ್ತಿ ಬಂದೇ ಈ ಕಾಗದ ಬರೆಯುತ್ತಿದ್ದೇನೆ.

ನೀನು ಕೇಳುತ್ತೀ, ಒಂದು ಮಾತು ಹೇಳಿದ್ದರೆ ಎಂತ ಆಗುತ್ತಿತ್ತು ಎಂದು. ಮದುವೆಯಾದ ಮೂರನೇ ವರ್ಷ ಇವರ ಅಣ್ಣಂದಿರ ಎದುರಿಗೆ 'ನಿಮ್ಮದು ತಪ್ಪು' ಎಂದು ಹೇಳಿದ್ದೆ. ಹದಿನೇಳು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಕೈ ಎತ್ತಿದವರಲ್ಲ, ಬೈದವರೂ ಅಲ್ಲ. ಮಾತು ನಿಲ್ಲಿಸುತ್ತಾರೆ. ಆ ಮೇಲೆ ನಾನು ತಪ್ಪನ್ನು ಹೇಳುವುದು ಬಿಟ್ಟು ತಪ್ಪಿನ ಹಿಂದಿನಿಂದ ಹೋಗಿ ಸರಿಮಾಡುವುದನ್ನು ಕಲಿತೆ.

ಪುಸ್ತಕ ಬಿಡುಗಡೆಯ ದಿನ ಚರ್ಚ್ ಹಾಲಿನಲ್ಲಿ ಇರ್ವಿನ್ ಮಾತಾಡಿದ. "ಪಪ್ಪಾ ನನ್ನನ್ನೂ ಆರನೇ ಅಧ್ಯಾಯದ ಹಾಗೆಯೇ ಬೆಳೆಸಿದ್ದು. ಕೇಳಿದ ಕೂಡಲೇ ಎಂತದ್ದೂ ಸಿಗ್ಲಿಲ್ಲ. ಅದಕ್ಕೇ ಇವತ್ತು ನೆಟ್ಟಗೆ ನಿಂತಿದ್ದೇನೆ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಮಗಳು ಜೆನಿಶಾ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದಳು. ನಾನು ಅವತ್ತೇ ಎದ್ದು ನಿಲ್ಲಬೇಕಿತ್ತೋ ಏನೋ. ಸೆರಗು ಸರಿಮಾಡಿಕೊಂಡು ಕೂತೆ.

ಈಗ ಹೇಳು, ಏನು ಮಾಡಲಿ? ಬಾಯಿಬಿಟ್ಟರೆ ಇವರ ಹದಿನಾಲ್ಕು ವರ್ಷ, ಒಂಬತ್ತು ನೋಟ್‌ಬುಕ್ಕು ನೀರುಪಾಲು. ಬಿಡದಿದ್ದರೆ ಎಪ್ಪತ್ತರ ಹೆಂಗಸು ಹನ್ನೊಂದು ಜನರ ಮುಂದೆ ಸುಳ್ಳಿಯಾಗುತ್ತಾಳೆ. ಐದನೇ ತಾರೀಖಿನೊಳಗೆ ಬರೆ. ನಿನ್ನ ಅಲ್ಲಾಹುವೂ ನನ್ನ ಮಾತೆ ಮರಿಯಮ್ಮನೂ ನಿನ್ನ ಮೊಣಕಾಲನ್ನು ಕಾಯಲಿ.

ನಿನ್ನ
ಗ್ಲ್ಯಾಡಿಸ್

*

ಬಿಜೈ, ಮಂಗಳೂರು
9 ಮೇ 2024

ಪ್ರೀತಿಯ ಝಹ್ರಾ,

ನಿನ್ನ ಕಾಗದ ಗುರುವಾರವೇ ಕೈಸೇರಿತ್ತು. ಉತ್ತರಕ್ಕೆ ಒಂದು ವಾರ ಹಿಡಿದದ್ದಕ್ಕೆ ಕ್ಷಮಿಸು, ಕೈ ಓಡಲಿಲ್ಲ. 'ಹತ್ತು ಜನರ ಮುಂದೆ ಬೇಡ, ಭಾನುವಾರದೊಳಗೆ ಮನೆಯೊಳಗೇ ಹೇಳಿಬಿಡು' ಎಂದು ನೀನು ಬರೆದದ್ದನ್ನು ಮೂರು ಸಲ ಓದಿದೆ. ಶನಿವಾರ ಸಂಜೆ ಹೇಳಲೆಂದೇ ಇವರ ಎದುರು ಕುಳಿತೆ. "ಒಂದು ವಿಷಯ ಉಂಟು" ಎಂದೆ. ಇವರು ನೋಟ್‌ಬುಕ್ಕಿನಿಂದ ತಲೆಯೆತ್ತದೆ "ನಾಳೆ ಕಾಫಿಗೆ ಎಷ್ಟು ಜನ?" ಎಂದರು. ನಾನು "ಹನ್ನೊಂದು" ಎಂದೆ. ಎದ್ದು ಒಳಗೆ ಹೋದೆ. ನನ್ನ ಧೈರ್ಯ ಅಷ್ಟೇ.

ಭಾನುವಾರ ಚರ್ಚಿನ ಪೂಜೆ ಮುಗಿದು ಹತ್ತೂವರೆಗೆ ಎಲ್ಲರೂ ಬಂದರು. ಇವರು ಹದಿನಾಲ್ಕು ಮರಗಳನ್ನೂ ಒರೆಸಿ ಸಾಲಾಗಿ ನಿಲ್ಲಿಸಿದ್ದರು. ಬೀಫಾತಿಮ್ಮ ಆಟೋದಲ್ಲಿ ಬಂದಳು. ಮಡಿಲಲ್ಲಿ ಟವೆಲಿನಲ್ಲಿ ಸುತ್ತಿದ ತಟ್ಟೆ. ಮೆಟ್ಟಿಲಲ್ಲಿ ಹಿಡಿದುಕೊಳ್ಳಲು ಹೋದರೆ ಕೊಡಲಿಲ್ಲ. ಮೇಜಿನ ಮೇಲಿಟ್ಟು ಟವೆಲು ತೆಗೆದಳು. ಮರ ನಿಂತ ಹಾಗೆಯೇ ಇತ್ತು, ಬೇರುಗಳು ಕೂಡ ಚೆಂದವಾಗಿ ಹರಡಿದ್ದವು. ಎಲೆ ಮಾತ್ರ ಒಂದೂ ಇರಲಿಲ್ಲ.

ಇವರು ಚಾಕುವಿನ ತುದಿಯಲ್ಲಿ ತಟ್ಟೆಯ ಮಣ್ಣು ತೆಗೆದು ನಾಲಿಗೆಗೆ ಹಚ್ಚಿಕೊಂಡರು. ಕಣ್ಣು ಮುಚ್ಚಿದರು. ಬಂದರಿನಲ್ಲಿ ಗೊಬ್ಬರ, ಅಕ್ಕಿ, ಸಕ್ಕರೆ ಎಲ್ಲದರ ರುಚಿ ನೋಡಿದವರಲ್ಲವೇ. ಟ್ಯಾಂಕಿನ ಕಡೆಯವರೂ ಕುರ್ಚಿ ಮುಂದೆ ಎಳೆದುಕೊಂಡರು.

"ಉಪ್ಪು ಉಂಟು" ಎಂದರು.

ಹಾಶಿಂ ಎದ್ದು ಬಂದು ತಾನೂ ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಂಡ. "ಎಂತ ಉಪ್ಪೂ ಇಲ್ಲ. ಮಣ್ಣಿನ ರುಚಿ ಮಾತ್ರ ಉಂಟು."

"ನಿನಗೆ ಗೊತ್ತಾಗುದಿಲ್ಲ, ನೀನು ಕೂತ್ಕೊ" ಎಂದು ಇವರು ಬೀಫಾತಿಮ್ಮನ ಕಡೆ ತಿರುಗಿದರು. "ಬೇಜಾರು ಮಾಡ್ಬೇಡಿ. ನೀವು ಬೇಕಂತ ಮಾಡಿದ್ದಲ್ಲ. ಬಾವಿ ನೀರೋ, ಮೀನು ತೊಳೆದ ನೀರೋ ಯಾರೋ ಹಾಕಿದ್ದಾರೆ. ಅದನ್ನು ಒಪ್ಪಿಕೊಂಡ್ರೆ ಇಲ್ಲಿಗೆ ಮುಗೀತು."

"ನಮ್ಮ ಬಾವಿ ನೀರು ಸಿಹಿ ಪೊರ್ಬುಗಳೇ. ಇಡೀ ಕೇರಿಯವರು ಕುಡೀತಾರೆ" ಎಂದಳು ಅವಳು; ನಮ್ಮ ಕ್ರಿಸ್ತುವ ಗಂಡಸರನ್ನು ಅವಳ ಕಡೆಯವರು ಪೊರ್ಬುಗಳು ಎಂದೇ ಕರೆಯುವುದು. ಸ್ವರ ಏರಿಸಲಿಲ್ಲ. "ಮೀನು ತೊಳೆಯುವ ಜಾಗ ಹಿತ್ತಲಲ್ಲಿ, ಮರ ಇದ್ದದ್ದು ಎದುರಿನ ಜಗಲಿಯಲ್ಲಿ. ನಿಮ್ಮ ಪುಸ್ತಕದಲ್ಲಿ ಎಂತ ಬರ್ದಿದೆಯೋ ಅದನ್ನೇ ಮಾಡಿದ್ದೇನೆ. ನಾನು ಸುಳ್ಳು ಹೇಳ್ತೇನೆ ಅಂತ ಹೇಳ್ತೀರಾ?"

ಇವರು ಇಲ್ಲ ಎನ್ನಲಿಲ್ಲ. "ಹಾಗಾದ್ರೆ ನನ್ನ ಹದಿನಾಲ್ಕು ಮರ ಹೇಗೆ ಬದುಕಿದವು?" ಎಂದರು.

ಸೆಡ್ರಿಕ್ ಗಂಟಲು ಸರಿಮಾಡಿಕೊಂಡು, ಇನ್ನು ಕೈ ಎತ್ತಿಸೋಣವೇ ಎಂದ. ನಾನು ಕಾಫಿಯ ಟ್ರೇ ಹಿಡಿದು ಬಾಗಿಲಲ್ಲೇ ನಿಂತಿದ್ದೆ.   ಟ್ರೇ ಕೆಳಗಿಟ್ಟೆ.

"ನಾನು ನೀರು ಹಾಕ್ತಿದ್ದೆ" ಎಂದೆ. "ಮಧ್ಯಾಹ್ನ. ದಿನಾ. ಮೊದಲ ವರ್ಷದಿಂದ."

 ಇವರು ನನ್ನನ್ನು ನೋಡಿದ ಬಗೆಯನ್ನು ಹೇಗೆ ಬರೆಯಲಿ? ನಾನು ಬೇರೆ ಯಾವುದೋ ಭಾಷೆಯಲ್ಲಿ ಮಾತಾಡಿದ ಹಾಗೆ ನೋಡಿದರು. ಆ ಮೇಲೆ ಕೇಳಿದ ಪ್ರಶ್ನೆ ಒಂದೇ.

"ಎಷ್ಟು?"

"ಅಕ್ಕಿ ತೊಳೆದದ್ದು. ಒಂದು ಪಾತ್ರೆ."

"ಯಾವ ಪಾತ್ರೆ?"

ಕೆಳಗೆ ಹೋಗಿ ಆ ಅಲ್ಯೂಮಿನಿಯಂ ಪಾತ್ರೆ ತಂದುಕೊಟ್ಟೆ. ಇವರು ಅದನ್ನು ಟ್ಯಾಂಕಿನ ನಲ್ಲಿಯಲ್ಲಿ ತುಂಬಿಸಿ, ತಮ್ಮ ಅಳತೆ ಲೋಟದಿಂದ ಒಂದೊಂದಾಗಿ ಮೊಗೆದು ಬಕೆಟಿಗೆ ಸುರಿದರು. ಉಳಿದವರೆಲ್ಲ ಕೂತು ನೋಡಿದೆವು. ಹದಿನಾರು ಲೋಟ ಬಂತು. ಮರ ಹದಿನಾಲ್ಕು. ಇವರು ಸಂಜೆ ಹಾಕುತ್ತಿದ್ದುದಕ್ಕಿಂತ ನಾನು ಮಧ್ಯಾಹ್ನ ಹಾಕಿದ್ದೇ ಎರಡು ಲೋಟ ಹೆಚ್ಚು. ಹಾಶಿಂ ನಗಲು ಶುರುಮಾಡಿದ. "ಸುಮ್ನಿರು" ಎಂದು ಬೀಫಾತಿಮ್ಮ ಗದರಿದಳು. ಇವರು ಲೋಟವನ್ನು ಪಾತ್ರೆಯೊಳಗಿಟ್ಟು, ಯಾರಿಗೂ ಏನೂ ಹೇಳದೆ ಕೆಳಗಿಳಿದು ಹೋದರು.

ಅಷ್ಟಕ್ಕೆ ಮುಗಿಯಲಿಲ್ಲ ಝಹ್ರಾ. ನಾನು ಸತ್ಯ ಹೇಳಿದ್ದೇನೆ, ಬೀಫಾತಿಮ್ಮ ಈಗ ನನ್ನ ಕೈ ಹಿಡಿದುಕೊಳ್ಳುತ್ತಾಳೆ ಎಂದು ಎಲ್ಲೋ ಒಂದು ಆಸೆ ಇತ್ತು ನನಗೆ. ಅವಳು ತಟ್ಟೆಯನ್ನು ಟವೆಲಿನಲ್ಲಿ ಸುತ್ತುತ್ತಾ ಕೇಳಿದಳು: "ಗ್ಲ್ಯಾಡಿಸ್ ಬಾಯಿ, ಪುಸ್ತಕ ಡಿಸೆಂಬರಿನಲ್ಲಿ ಬಂದದ್ದಲ್ವಾ? ನಾನು ಇದರ ಹಾಗೆ ಮಾಡ್ತೇನೆ ಅಂತ ಫೆಬ್ರವರಿಯಲ್ಲಿ ನಿಮ್ಮ ಹತ್ರವೇ ಹೇಳಿದ್ದೆ. ನೀವು ಕಾಫಿ ಕೊಟ್ರಿ. ಒಂದು ಮಾತು ಹೇಳ್ಳಿಲ್ಲ." ಟವೆಲಿನ ಗಂಟು ಬಿಗಿದಳು. "ಪೊರ್ಬುಗಳಿಗೆ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿತ್ತು" ಎಂದಳು. ಆಟೋದವರೆಗೂ ಹಿಂದೆಯೇ ಹೋದೆ, ಅವಳು ತಿರುಗಿ ನೋಡಲಿಲ್ಲ. ಗಂಡನ ಕೈಯ ಮರ ಅದು. ನಾನು ಯಾವ ಪಾತ್ರೆ ತುಂಬಿಸಿ ಸುರಿದರೂ ಅದು ಮತ್ತೆ ಚಿಗುರುವುದಿಲ್ಲ.

ಇವರು ಮೂರು ದಿನ ಮಾತಾಡಲಿಲ್ಲ. ಟೆರೇಸಿನ ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡರು. ಹತ್ತನೇ ನೋಟ್‌ಬುಕ್ಕು ಶುರುವಾಯಿತು. ಸಂಜೆ ಮಾತ್ರ ಹೋಗಿ ಲೋಟದಲ್ಲಿ ಅಳೆದು ಹಾಕಿ ಬರುತ್ತಿದ್ದರು. ನಾನು ಬಟ್ಟೆಯನ್ನು ಹಿತ್ತಲಲ್ಲಿ ಒಣಗಿಸಿದೆ. ಮಧ್ಯಾಹ್ನ ಎರಡು ಗಂಟೆಯಾದರೆ ಕಾಲು ತಾನಾಗಿ ಮೆಟ್ಟಿಲ ಕಡೆ ಹೋಗುತ್ತಿತ್ತು. ಇವರಿಗೂ ನಿದ್ದೆ ಇರಲಿಲ್ಲ, ಗೊರಕೆಯೇ ಕೇಳಿಸಲಿಲ್ಲ. ಮುದ್ರಣಾಲಯದವರು ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ.

ನಿನ್ನೆ ಬುಧವಾರ ಎರಡೂವರೆಗೆ ಮೇಲೆ ಹೋದವರು ಕೆಳಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅಂಗೈಯಲ್ಲಿ ಉದುರಿದ ಹುಣಸೆ ಎಲೆಗಳಿದ್ದವು. ಅವನ್ನು ಒಲೆಯ ಪಕ್ಕದಲ್ಲಿಟ್ಟರು. ಜೇಬಿನಿಂದ ಕೀಲಿಕೈ ತೆಗೆದು ಅಕ್ಕಿಯ ಡಬ್ಬಿಯ ಮೇಲಿಟ್ಟರು. "ಮೂರು ದಿನ" ಎಂದರು. "ಮೂರೇ ದಿನ ತಡೆದದ್ದು." ನಾನು ಪಾತ್ರೆ ಎತ್ತಿಕೊಂಡೆ. ಮೆಟ್ಟಿಲು ಹತ್ತುವಾಗ ಹಿಂದಿನಿಂದ ಕೇಳಿದರು: "ನನಗೆ ಯಾಕೆ ಹೇಳಲಿಲ್ಲ?" ನಾನು ತಿರುಗದೆಯೇ ಹೇಳಿದೆ: "ನಿಮ್ಮ ಹದಿನೇಳು ದಿನಕ್ಕೆ ಹೆದರಿ." ಇವರಿಗೆ ಹದಿನೇಳು ಎಂದರೆ ಏನೆಂದೇ ನೆನಪಿರಲಿಲ್ಲ. ಎಲ್ಲವನ್ನೂ ಬರೆದಿಡುವ ಮನುಷ್ಯ ಅದನ್ನು ಎಲ್ಲಿಯೂ ಬರೆದಿಟ್ಟಿಲ್ಲ.

ನೀನು ನನಗಾಗಿ ಪ್ರಾರ್ಥನೆ ಮಾಡು. ಬೀಫಾತಿಮ್ಮನಿಗಾಗಿ ಇನ್ನೂ ಹೆಚ್ಚು ಮಾಡು. ನಿನ್ನ ತಂಗಿಯ ಮನೆಯ ಮಕ್ಕಳಿಗೆಲ್ಲ ನನ್ನ ಆಶೀರ್ವಾದ ಹೇಳು, ದೇವರು ನಿನ್ನನ್ನು ಸುಖವಾಗಿಟ್ಟಿರಲಿ.

ಎಂದೆಂದೂ ನಿನ್ನ
ಗ್ಲ್ಯಾಡಿಸ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ನಿನಗಲ್ಲದೆ ಇನ್ನು ಯಾರಿಗೆ ಹೇಳಲಿ.

ಸೋಮವಾರ ಇರ್ವಿನ್ ದೇರೆಬೈಲಿನಿಂದ ಸಿಟ್ಟಿನಲ್ಲಿ ಬಂದಿದ್ದ. "ಮಮ್ಮಿ, ಹತ್ತು ಜನರ ಮುಂದೆ ಪಪ್ಪನ ಮರ್ಯಾದೆ ತೆಗೆದ್ಯಲ್ಲ? ಮರದ್ದು ಬಿಡು. ಆರನೇ ಅಧ್ಯಾಯ ಸರಿ ಅನ್ಲಿಕ್ಕೆ ನಾನೇ ಸಾಕ್ಷಿ ಇದ್ದೇನೆ" ಎಂದ. ನಾನು ಅವನಿಗೆ ಕಾಫಿ ಕೊಟ್ಟೆ.

ನಿನಗೆ ನೆನಪಿದೆಯಲ್ಲ ಝಹ್ರಾ? ಮಗ್ಗಿ ತಪ್ಪಿದ ದಿನ ಇರ್ವಿನ್‌ಗೆ ಬೆಳಗ್ಗಿನ ತಿಂಡಿ ಇಲ್ಲ ಎಂಬುದು ಇವರ ಕಾನೂನು. ನಾನು ಸ್ಟಾಫ್ ರೂಮಿಗೆ ಬಂದು ನಿನಗೆ ಕಣ್ಣಿನಲ್ಲೇ ಹೇಳುತ್ತಿದ್ದೆ. ನಮ್ಮ ಶಾಲೆಯಲ್ಲೇ ಓದುತ್ತಿದ್ದ ಅವನನ್ನು ನೀನು ಲೈಬ್ರರಿಯ ಹಿಂದೆ ಕರೆದು ನಿನ್ನ ಬುತ್ತಿಯ ಅಕ್ಕಿರೊಟ್ಟಿ, ಆ ಪತ್ತಿರಿ ತಿನ್ನಿಸುತ್ತಿದ್ದೆ. ಎಷ್ಟು ವರ್ಷ ತಿನ್ನಿಸಿದೆ? ಅಪ್ಪ ಮಾತು ಬಿಟ್ಟ ವಾರಗಳಲ್ಲೆಲ್ಲ ನಾನು ಅವನ ಹಾಸಿಗೆಯ ಹತ್ತಿರ ಕೂತು ಅವನು ನಿದ್ದೆ ಹೋಗುವವರೆಗೆ ತಲೆ ಸವರಿದ್ದೇನೆ. ಇವತ್ತು ಅವನಿಗೆ ಹಸಿವು ನೆನಪಿದೆ, ಪತ್ತಿರಿ ನೆನಪಿಲ್ಲ.

ಈಗ ಅವನು ಜೆನಿಶಾಳನ್ನು ಹಾಗೆಯೇ ಬೆಳೆಸುತ್ತಿದ್ದಾನೆ. ಪರೀಕ್ಷೆಯಲ್ಲಿ ಎರಡನೇ ಸ್ಥಾನ ಬಂತೆಂದು ಒಂಬತ್ತು ದಿನದಿಂದ ಆ ಹನ್ನೊಂದು ವರ್ಷದ ಮಗುವಿನ ಜೊತೆ ಮಾತಿಲ್ಲ. ಅವಳ ಅಮ್ಮ ಆಂಡ್ರಿಯಾ ಕುವೈತಿನ ಆಸ್ಪತ್ರೆಯಲ್ಲಿ ನರ್ಸ್, ಡಿಸೆಂಬರಿಗೆ ಬರುತ್ತಾಳೆ. ಮೊನ್ನೆ ಜೆನಿಶಾ ನಮ್ಮಲ್ಲಿಗೆ ಬಂದಾಗ ತಟ್ಟೆಯಲ್ಲಿದ್ದ ಬಿಸ್ಕತ್ತನ್ನು ನೋಡುತ್ತಾ, "ಗ್ರ್ಯಾನಿ, ನಾನು ಇದನ್ನು ತಿನ್ಬಹುದಾ?" ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಹೌದು ಎಂದೆ. ಆದರೂ ಅರ್ಧ ತಿಂದು ಅರ್ಧವನ್ನು ವಾಪಸ್ ಇಟ್ಟಳು.

ಆ ಮನೆಯಲ್ಲಿ ಹಿಂದಿನಿಂದ ಮೆಟ್ಟಿಲು ಹತ್ತುವವರು ಯಾರೂ ಇಲ್ಲ ಝಹ್ರಾ.

ಈ ಕಾಗದವನ್ನು ಪೋಸ್ಟಿಗೆ ಹಾಕಿ ಅಲ್ಲಿಂದಲೇ ದೇರೆಬೈಲಿನ ಬಸ್ಸು ಹಿಡಿಯುತ್ತೇನೆ. ಅವನು ಕೆಲಸಕ್ಕೆ ಹೋದ ಹೊತ್ತು ನೋಡಿ ಮಗುವಿಗೆ ಏನಾದರೂ ಕೊಟ್ಟು ಬರಬಹುದು, ಅದು ನನಗೆ ಚೆನ್ನಾಗಿ ಅಭ್ಯಾಸವಿದೆ. ಆದರೆ ಇವತ್ತು ಇರ್ವಿನ್‌ಗೆ ರಜೆ. ಅವನು ಮನೆಯಲ್ಲಿ ಇರುವಾಗಲೇ ಹೋಗುತ್ತಿದ್ದೇನೆ.